ಚಹಾದ ಜೊತೆಗೊಂದು ಒಟಿಪಿ

ಹೋದ ತಿಂಗಳು ನಾನು ಮೂರು ಸಲ ಸುಳ್ಳು ಸಾಕ್ಷಿ ಹೇಳಿದೆ. ಕೋರ್ಟಿನಲ್ಲಲ್ಲ, ನಮ್ಮ ಮನೆಯ ಹಾಲ್‌ನಲ್ಲಿ. ಎದುರಿಗೆ ಇಂಟರ್ನೆಟ್ ರಿಪೇರಿಗೆ ಬಂದ ಇಮ್ತಿಯಾಜ್ ಕೂತಿದ್ದ. ಅವನ ಕೈಯಲ್ಲಿ ಚಹಾ, ನನ್ನ ಕೈಯಲ್ಲಿ ಮೊಬೈಲು. ಮೊಬೈಲಿಗೆ ಬಂದ ನಾಲ್ಕು ಅಂಕಿಗಳನ್ನು ಓದಿ ಹೇಳಿದೆ, ಅಷ್ಟೇ. ‘ಗ್ರಾಹಕರ ಸಮಸ್ಯೆ ಬಗೆಹರಿದಿದೆ’ ಎಂದು ಕಂಪನಿಯಲ್ಲಿ ದಾಖಲಾಯಿತು.

ಒಳಕೋಣೆಯ ಕಂಪ್ಯೂಟರಿನಲ್ಲಿ ಆಗಲೂ ಚಕ್ರ ತಿರುಗುತ್ತಲೇ ಇತ್ತು.

ನನ್ನ ಹೆಂಡತಿ ಸುವರ್ಣಾ ಹದಿನೈದು ವರ್ಷ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿದವಳು. ಮೊಣಕಾಲು ನೋವು ಹೆಚ್ಚಾಗಿ, ನಿಂತು ಪಾಠ ಮಾಡಲಾಗದೆ ಕೆಲಸ ಬಿಟ್ಟಳು. ಬಿಟ್ಟ ದಿನದಿಂದ ಮನೆಯಲ್ಲಿ ಅವಳ ಮಾತೇ ಕಡಿಮೆಯಾಗಿತ್ತು. ಈಚೆಗೆ, ಮನೆಯಿಂದಲೇ ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸವೊಂದಕ್ಕೆ ಅರ್ಜಿ ಹಾಕಿದಳು. ಲಿಖಿತ ಪರೀಕ್ಷೆಯಲ್ಲಿ ಪಾಸಾದಳು. ಉಳಿದದ್ದು ಡೆಮೊ ಕ್ಲಾಸು. ಆ ಕಡೆ ಪರೀಕ್ಷಕರು ಮಕ್ಕಳಂತೆ ಕೂತು ನೋಡುತ್ತಾರೆ, ಈ ಕಡೆಯಿಂದ ಇವಳು ಅರ್ಧ ಗಂಟೆ ಭಿನ್ನರಾಶಿ ಕಲಿಸಬೇಕು. ಇಸ್ತ್ರಿ ಮಾಡಿದ ಸೀರೆಯುಟ್ಟು ಹತ್ತು ನಿಮಿಷ ಮೊದಲೇ ಕೂತಿದ್ದಳು.

ನಾಲ್ಕನೇ ನಿಮಿಷಕ್ಕೆ ಅವರ ಸ್ಕ್ರೀನಿನ ಮೇಲೆ ಅವಳ ಮುಖ ಬಾಯಿ ತೆರೆದಲ್ಲೇ ನಿಂತುಬಿಟ್ಟಿತಂತೆ (ಆ ಕಡೆಯವರು ಆಮೇಲೆ ಫೋನಿನಲ್ಲಿ ಹೇಳಿದ್ದು). ಎರಡು ವಾರದ ನಂತರ ಇನ್ನೊಂದು ಅವಕಾಶ ಕೊಡುತ್ತೇವೆ, ಅಷ್ಟರಲ್ಲಿ ಇಂಟರ್ನೆಟ್ ಸರಿ ಮಾಡಿಕೊಳ್ಳಿ ಎಂದರು.

ಸರಿ ಮಾಡಿಕೊಳ್ಳುವುದು. ಎಷ್ಟು ಸುಲಭದ ಮಾತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನಮ್ಮೂರು ದಾಂಡೇಲಿ ಎಂದ ಕೂಡಲೇ ಆ ಹುಡುಗಿಯ ದನಿ ಅರಳಿತು. ‘ಸರ್, ಅಲ್ಲಿ ರಾಫ್ಟಿಂಗ್‌ಗೆ ಯಾವ ಸೀಸನ್ ಚೆನ್ನಾಗಿರುತ್ತೆ?’ ನಾವು ಊರಿನವರೆಲ್ಲ ಲೈಫ್ ಜಾಕೆಟ್ ತೊಟ್ಟು ಕಾಳಿ ನದಿಯಲ್ಲೇ ಸಂಸಾರ ಮಾಡುತ್ತೇವೆ ಎಂದುಕೊಂಡಿದ್ದಾರೇನೋ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂದಳು. ಮಾಡಿದೆ. ಇನ್ನೊಮ್ಮೆ ಎಂದಳು. ಈ ಒಂದೇ ವಿದ್ಯೆ ಕಲಿತವರು ಇಡೀ ದೇಶದ ಇಂಟರ್ನೆಟ್ ನಡೆಸುತ್ತಿದ್ದಾರೆ.

ಮರುದಿನ ಇಮ್ತಿಯಾಜ್ ಬಂದ. ಇಲ್ಲೇ ಪಕ್ಕದ ಕೋಗಿಲಬನದವನು. ದಾಂಡೇಲಿಯಿಂದ ಅಂಬಿಕಾನಗರದವರೆಗೆ ಈ ಕಂಪನಿಗೆ ಇರುವವನು ಅವನೊಬ್ಬನೇ. ಮಂಗ ಜಗ್ಗಿದ ಕೇಬಲ್ ಇರಲಿ, ಕಟ್ಟಿಗೆ ಲಾರಿ ಕಿತ್ತುಕೊಂಡು ಹೋದ ಕೇಬಲ್ ಇರಲಿ, ಬೈಕಿಗೆ ಏಣಿ ಕಟ್ಟಿಕೊಂಡು ಅವನೇ ಓಡಬೇಕು. ಹಾಲ್‌ಗೆ ಬಂದವನು ರೂಟರಿನ ಬುಡದಲ್ಲಿ ನಿಂತು ತನ್ನ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದ. ಮುಳ್ಳು ಸರ್ರನೆ ನೂರಕ್ಕೆ, ಅಂದರೆ ನಾವು ದುಡ್ಡು ಕೊಟ್ಟ ಪೂರ್ತಿ ವೇಗಕ್ಕೆ, ಹೋಗಿ ನಿಂತಿತು. ಸ್ಕ್ರೀನ್‌ಶಾಟ್ ತೆಗೆದುಕೊಂಡ.

‘ಲೈನ್ ಫಸ್ಟ್ ಕ್ಲಾಸ್ ಐತ್ರಿ ಸರ್. ನಿಮ್ಮ ಕಂಪ್ಯೂಟರ್ ಹಳೇದಾಗಿರಬೇಕು. ಒಟಿಪಿ ಬಂದಿರ್ತೈತಿ ನೋಡ್ರಿ, ಹೇಳ್ರಿ.’

ಬಂದಿತ್ತು. ಬಿಸಿಲಲ್ಲಿ ಬಂದ ಮನುಷ್ಯ, ನಮ್ಮ ಮನೆಯ ಚಹಾ ಕುಡಿದಿದ್ದಾನೆ. ಕೊಡುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಕೊಟ್ಟೆ.

ದೋಷ ಕಂಪ್ಯೂಟರಿನದು ಎಂದಾದ ಮೇಲೆ ಚಿಕಿತ್ಸೆಯೂ ಕಂಪ್ಯೂಟರಿಗೇ ಶುರುವಾಯಿತು. ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಬಸವರಾಜ ಇಂಟರ್ನೆಟ್ ವೇಗ ಹೆಚ್ಚಿಸುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಹಾಕಿಕೊಟ್ಟ. ಸ್ಕ್ರೀನಿನ ಮೇಲೆ ರಾಕೆಟ್ ಹಾರಿತು. ‘ನಿಮ್ಮ ವೇಗ ಮೂರು ಪಟ್ಟು ಹೆಚ್ಚಾಗಿದೆ’ ಎಂದು ಹಸಿರು ಅಕ್ಷರದಲ್ಲಿ ಬಂತು. ಮೇಲ್ ತೆರೆಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ರಾಕೆಟ್ಟಿನ ಜೊತೆಗೆ ಕರೆಯದೇ ಬಂದ ಇಸ್ಪೀಟಾಟದ ಜಾಹೀರಾತು ಇವತ್ತಿಗೂ ಹೋಗಿಲ್ಲ. ಇನ್ನು ಯೂಟ್ಯೂಬಿನ ಪಂಡಿತರು. ರೂಟರಿನ ಹಿಂದೆ ಅಲ್ಯೂಮಿನಿಯಂ ತಗಡು ಇಡಿ ಎಂದನೊಬ್ಬ. ಇಟ್ಟೆ. ನಮ್ಮ ಹಾಲ್ ಒಂದು ವಾರ ಪಾತ್ರೆ ಅಂಗಡಿಯ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಇಮ್ತಿಯಾಜ್ ಇನ್ನೂ ಎರಡು ಸಲ ಬಂದುಹೋದ. ಅದೇ ರೂಟರಿನ ಬುಡ, ಅದೇ ನೂರು, ಅದೇ ಸ್ಕ್ರೀನ್‌ಶಾಟ್. ಒಂದು ಸಲ ಒಟಿಪಿ ಕೊಡಲು ನಾನು ಸ್ವಲ್ಪ ತಡವರಿಸಿದೆ.

‘ಸಂಜೀತನಕ ಕಂಪ್ಲೇಂಟ್ ಓಪನ್ ಉಳೀತಂದ್ರ ಹಳಿಯಾಳದಿಂದ ಸಾಹೇಬ್ರ ಫೋನ್ ಬರ್ತೈತ್ರಿ ಸರ್. ನಂದೇನೈತ್ರಿ ಇದ್ರಾಗ?’ ಎಂದು ಲೋಟ ಕೆಳಗಿಟ್ಟ.

ಪಾಪ ಅನ್ನಿಸಿತು. ಅವತ್ತು ಚಹಾದ ಜೊತೆಗೆ ಚುರುಮುರಿಯನ್ನೂ ಕೊಟ್ಟು, ಒಟಿಪಿ ಹೇಳಿ, ಗೇಟಿನವರೆಗೆ ಬಿಟ್ಟು ಬಂದೆ.

ಎರಡನೇ ಡೆಮೊ ಒಂಬತ್ತು ನಿಮಿಷ ನಡೆಯಿತು. ಹತ್ತನೇ ನಿಮಿಷಕ್ಕೆ ಮತ್ತೆ ಅದೇ ಚಕ್ರ ತಿರುಗತೊಡಗಿತು, ಸುವರ್ಣಾ ಹೆಡ್‌ಫೋನ್ ತೆಗೆದಿಟ್ಟಳು. ಸಂಜೆ ಮೇಲ್ ಬಂತು. ವಿಷಾದಿಸುತ್ತೇವೆ ಎಂದಿತ್ತು. ಕೆಳಗೊಂದು ಸಾಲು: ತೊಂದರೆ ಇಂಟರ್ನೆಟ್ ಕಂಪನಿಯಿಂದ ಆಗಿದ್ದರೆ ಮೂರು ದಿನದೊಳಗೆ ಅವರ ಪತ್ರ ಕಳಿಸಿ, ಕೊನೆಯದೊಂದು ಅವಕಾಶ ಕೊಡಬಹುದು.

ಅವಳ ಮುಖದಲ್ಲಿ ಜೀವ ಬಂತು. ತಾನೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಎರಡು ವಾರದಿಂದ ದೂರು ಕೊಡುತ್ತಿದ್ದೇವೆ ಎಂದು ಬರೆದುಕೊಡಿ ಸಾಕು ಎಂದಳು. ಆ ಕಡೆಯವರು ಬಹಳ ಮರ್ಯಾದೆಯಿಂದ ಉತ್ತರಿಸಿದರು. ‘ಮೇಡಂ, ನಿಮ್ಮ ಮೂರೂ ದೂರುಗಳು ಅದೇ ದಿನ ಬಗೆಹರಿದಿವೆ. ಗ್ರಾಹಕರೇ ಒಟಿಪಿ ಕೊಟ್ಟು ಒಪ್ಪಿದ್ದಾರೆ.’

ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

‘ಯಾಕ ಕೊಟ್ರಿ?’

‘ಅಲ್ಲ, ಪಾಪ, ಅಂವಾ ಅಷ್ಟ ದೂರದಿಂದ...’

‘ನಾ ಪಾಪ ಅಲ್ಲೇನ್ರಿ?’

ನಾಚಿಕೆಯಾಯಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ನಾಚಿಕೆ ನನಗೆ ಆಗಿದ್ದಿಲ್ಲ.

ಮರುದಿನ ಅವಳು ತನ್ನ ನಂಬರಿನಿಂದ ನಾಲ್ಕನೇ ದೂರು ಕೊಟ್ಟಳು. ಇಮ್ತಿಯಾಜ್ ಬಂದವನು ಅಭ್ಯಾಸಬಲದಿಂದ ರೂಟರಿನ ಬುಡಕ್ಕೆ ಹೋದ. ಅವಳು ಅವನನ್ನು ಒಳಕೋಣೆಗೆ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು.

‘ಇಲ್ಲೆ ಅಳೀರಿ ಭಾಯ್. ನಾ ಪಾಠ ಮಾಡೂದು ಇಲ್ಲೆ, ರೂಟರ್ ಬುಡಕ ಅಲ್ಲ.’

ಮುಳ್ಳು ನಿಂತಲ್ಲೇ ಅಲ್ಲಾಡಿತು. ಮೂರೂವರೆ. ಇಮ್ತಿಯಾಜ್ ಒಮ್ಮೆ ಕೆಮ್ಮಿ, ಮೆಲ್ಲಗೆ ಒಟಿಪಿಯ ವಿಷಯ ತೆಗೆದ.

‘ಬಂದೈತಿ’ ಎಂದಳು ಸುವರ್ಣಾ. ‘ಕೊಡೂದಿಲ್ಲ.’

ನಾನು ಬಾಗಿಲಲ್ಲಿ ನಿಂತು ಕೊಟ್ಟುಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. (ಹಿಂದಿನ ದಿನವಷ್ಟೇ ನಾಚಿಕೆಪಟ್ಟವನ ಬುದ್ಧಿ ನೋಡಿ.) ಅವಳು ನನ್ನ ಕಡೆ ನೋಡಲೇ ಇಲ್ಲ.

ಕೊನೆಗೆ ಅವನೇ ಬಾಯಿಬಿಟ್ಟ. ‘ನಡುವ ಎರಡು ಕಲ್ಲಿನ ಗ್ವಾಡಿ ಅದಾವ್ರಿ ಅಕ್ಕಾರ. ವೈಫೈ ದಾಟೂದಿಲ್ಲ. ರೂಟರಿಂದ ಇಲ್ಲೀತನಕ ವೈರ್ ಎಳದ್ರ ಮುಗೀತು. ನಮ್ಮ ಮನ್ಯಾಗೂ ಹಂಗ ಹಾಕ್ಕೊಂಡೀನಿ.’

ಬೈಕಿನಿಂದ ವೈರಿನ ಸುರುಳಿ ತಂದ. ಗೋಡೆಯ ಅಂಚಿಗೆ ಮೊಳೆ ಹೊಡೆದು, ಬಾಗಿಲ ಸಂದಿಯಲ್ಲಿ ತೂರಿಸಿ ಕಂಪ್ಯೂಟರಿಗೆ ಸಿಕ್ಕಿಸಿದ. ಅರ್ಧ ಗಂಟೆ ಸಹ ಹಿಡಿಯಲಿಲ್ಲ. ಮುಳ್ಳು ತೊಂಬತ್ನಾಲ್ಕಕ್ಕೆ ಹೋಯಿತು. ಸುವರ್ಣಾ ಒಂದು ವಿಡಿಯೊ ಕಾಲ್ ಮಾಡಿ ನೋಡಿ, ಆಮೇಲೆ ಒಟಿಪಿ ಹೇಳಿದಳು.

‘ಇದನ್ನ ಮೊದಲ ಸಲನ ಯಾಕ ಹೇಳ್ಲಿಲ್ಲ ಭಾಯ್?’ ಎಂದು ನಾನು ಕೇಳಿದೆ.

‘ನೀವು ಒಟಿಪಿ ಕೊಟ್ರಲ್ರಿ ಸರ್’ ಎಂದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ‘ಒಟಿಪಿ ಸಿಕ್ಕ ಮನ್ಯಾಗ ಮತ್ತೇನು ಕೆಲಸ ಉಳೀತೈತ್ರಿ?’

ಕಂಪನಿಯನ್ನು ಬೈಯಲು ನನ್ನ ಬಳಿ ಬೇಕಾದಷ್ಟು ಮಾತುಗಳಿವೆ. ನೂರು ಎಂಬ ಅಂಕಿಯನ್ನು ಮಾರಿ, ಅದು ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದು ಹೇಳದವರು ಅವರು. ಗೋಡೆಗೆ ತೂತು ಕೊರೆಯಲು ಎಲ್ಲಿ ಸಲೀಸೋ ಅಲ್ಲಿ ರೂಟರ್ ತೂಗುಹಾಕಿ ಹೋಗುವವರು. ಒಬ್ಬ ಇಮ್ತಿಯಾಜನ ತಲೆಯ ಮೇಲೆ ಅರ್ಧ ತಾಲ್ಲೂಕನ್ನು ಹೊರಿಸಿ, ಸಂಜೆ ಅವನನ್ನೇ ಗದರುವವರು. ಎಲ್ಲ ನಿಜ. ಆದರೆ ಆ ನಾಲ್ಕು ಅಂಕಿ ಅವರ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು. ಅವರಿಗೆ ನನ್ನಿಂದ ಬೇಕಾಗಿದ್ದದ್ದು ಅದೊಂದೇ.

ನೀವೂ ಕೊಟ್ಟಿರುತ್ತೀರಿ, ಬಿಡಿ. ಸೋರುತ್ತಿರುವ ನಲ್ಲಿಗೆ, ಹತ್ತದ ಬೀದಿ ದೀಪಕ್ಕೆ, ಅರ್ಧ ಮುಚ್ಚಿದ ಗುಂಡಿಗೆ ‘ಆಗಿದೆ’ ಎಂದು ಸಹಿ ಹಾಕಿರುತ್ತೀರಿ. ಬಂದವನ ಮನಸ್ಸು ನೋಯಬಾರದು. ನಾಲ್ಕು ಜನ ನಮ್ಮನ್ನು ಜಗಳಗಂಟರು ಅನ್ನಬಾರದು. ಇದನ್ನು ನಾವು ಸಂಸ್ಕಾರ ಅನ್ನುತ್ತೇವೆ. ನನಗೀಗ ಇದು ಶುದ್ಧ ಹೇಡಿತನ ಅನ್ನಿಸುತ್ತದೆ.

ಕಂಪನಿ ಪತ್ರ ಕೊಡಲಿಲ್ಲ. ಸುವರ್ಣಾ ತೊಂಬತ್ನಾಲ್ಕರ ಫೋಟೊ ಕಳಿಸಿ, ಇನ್ನೊಂದು ಅವಕಾಶ ಕೊಡಿ ಎಂದು ಕೇಳಿಕೊಂಡಳು. ಜಾಗ ಭರ್ತಿಯಾಗಿದೆ ಎಂಬ ಉತ್ತರ ಎರಡೇ ಸೆಕೆಂಡಿನಲ್ಲಿ ತೆರೆದುಕೊಂಡಿತು. ಈಗ ಅವಳು ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆ. ನನ್ನೊಡನೆ ಮಾತು ಮತ್ತೆ ಕಡಿಮೆಯಾಗಿದೆ.

ಮೊನ್ನೆ ಪೇಟೆಯಲ್ಲಿ ಇಮ್ತಿಯಾಜ್ ಸಿಕ್ಕಿದ್ದ. ಜೊತೆಯಲ್ಲಿದ್ದವನಿಗೆ ನನ್ನನ್ನು ತೋರಿಸಿ, ‘ಭಾಳ ಒಳ್ಳೇ ಮಂದಿ, ಎಂದೂ ತಕರಾರು ಮಾಡೂದಿಲ್ಲ’ ಎಂದ.

ನಾನು ಊರಿಗೆಲ್ಲ ಒಳ್ಳೆಯವನಾಗಲು ಸೋಲಬೇಕಾದವಳು ಸುವರ್ಣಾಳೇ ಯಾಕೆ?