ಹೆಣ್ಣು ನೋಡಲು ಬಂದಾಗ ತಾಯಿ ಹಾಡಿದ್ದು

“ಹಾಡಕ್ ಬತ್ತದೇನವ್ವ? ಒಂದ್ ದೇವರನಾಮ ಹೇಳ್ಬುಡು,” ಎಂದರು, ಅಕ್ಕಿಹೆಬ್ಬಾಳಿನಿಂದ ನನ್ನ ಮಗಳನ್ನು ನೋಡಲು ಬಂದಿದ್ದ ಗಂಡಿನ ತಾಯಿ. ಕಾಫಿ ತಟ್ಟೆ ಹಿಡಿದಿದ್ದ ಮಗಳು ತಲೆ ತಗ್ಗಿಸಿದಳು.

“ಅವ್ಳಿಗೆ ಬರಾಕಿಲ್ಲ ಕಣಕ್ಕ, ನಂಗೆ ಬತ್ತದೆ,” ಎಂದವಳೇ ಅಡುಗೆಮನೆ ಬಾಗಿಲಲ್ಲಿ ನಿಂತು ಹಾಡಿಯೇಬಿಟ್ಟೆ. ದೇವರನಾಮವಲ್ಲ, ಎಪ್ಪತ್ತರ ದಶಕದಲ್ಲಿ ರೇಡಿಯೋ ಕೇಳಿ ಕಲಿತ ಸಿನಿಮಾ ಹಾಡು. ಆಗ ಬೆಳಗೊಳದ ತವರಿನಲ್ಲಿ, ಗದ್ದೆ ನಾಟಿ ಮಾಡುತ್ತ ಅದನ್ನು ಹಾಡಿದ್ದಕ್ಕೆ ಅಪ್ಪ ಎಲ್ಲರೆದುರು ಕೆನ್ನೆಗೆ ಬಾರಿಸಿದ್ದ. ಅಲ್ಲಿಂದಾಚೆಗೆ ನಾಲ್ಕು ಜನರ ಮುಂದೆ ಹಾಡಿರಲಿಲ್ಲ. ಈಗ ಯಜಮಾನರು ಕಣ್ಣು ಕೆಂಪಗೆ ಮಾಡಿದರೂ ಕೊನೆಯ ಚರಣ ಮುಗಿಸಿಯೇ ನಿಲ್ಲಿಸಿದೆ.

ಆ ಸಂಬಂಧ ಕೂಡಲಿಲ್ಲ. ಆದರೆ ಲೋಟ ತೊಳೆಯುತ್ತಿದ್ದ ಮಗಳು, “ನಂಗೂ ಅದ್ನ ಕಲ್ಸವ್ವ,” ಎಂದಳು. ಇನ್ನು ಯಾರೇ ನೋಡಲು ಬರಲಿ, ನಮ್ಮ ಮನೆಯಲ್ಲಿ ಮೊದಲು ತಾಯಿ ಮಗಳ ಹಾಡು, ಆಮೇಲೆ ಕಾಫಿ.