ಅತ್ತೆಯ ಉಯಿಲು, ನನ್ನ ಜಾಣತನ

ಸಿಂಧನೂರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ನನ್ನದು. ಪಹಣಿ, ಆದಾಯ ಪ್ರಮಾಣಪತ್ರ, ಪಿಂಚಣಿ, ಏನು ಕೇಳಿದರೂ ಫೋನಿನಲ್ಲೇ ಮಾಡಿಕೊಡುತ್ತೇನೆ. ಅದರಿಂದಲೇ ನನಗೆ ಕೊಂಬು ಬಂದಿತ್ತು. ಮಸ್ಕಿಯ ಸೋದರತ್ತೆ, ‘ನನ್ನ ಮನಿ ಈ ಹುಡುಗಿಗೇ ಅಂತ ಬರದಿಡಬೇಕು’ ಎಂದಾಗ, ‘ಕಾಗದ ಯಾಕತ್ತಿ, ಫೋನಿನ್ಯಾಗ ಮಾಡಿಬಿಡೂಣು’ ಎಂದವಳು ನಾನೇ.

ಅತ್ತೆಗೆ ಮಕ್ಕಳಿಲ್ಲ. ಗೆಳತಿ ತೀರಿಕೊಂಡಾಗ ಅವಳ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ದತ್ತಕದ ಕಾಗದ ಯಾರೂ ಮಾಡಿಸಲಿಲ್ಲ. ಆ ಹುಡುಗಿಗೆ ಈಗ ಇಪ್ಪತ್ತಮೂರು. ಮಾವನ ನಂತರ ಮನೆ ಅತ್ತೆಯ ಹೆಸರಿಗೆ ಬಂದಿದೆ. ಅವಳು ಏನೂ ಬರೆದಿಡದೆ ಹೋದರೆ ಅದು ಮಾವನ ತಮ್ಮಂದಿರಿಗೆ ಸೇರುತ್ತದೆ, ಹುಡುಗಿ ಬೀದಿಗೆ ಬೀಳುತ್ತಾಳೆ.

ಬೆಳಗಿನ ಲಿಂಗಪೂಜೆಯಲ್ಲೇ ಹೇಳುತ್ತೇನೆಂದು ಅತ್ತೆ ಹಟ ಹಿಡಿದಳು. ಎಡಗೈಯಲ್ಲಿ ಇಷ್ಟಲಿಂಗ, ಹಣೆ ತುಂಬ ವಿಭೂತಿ. ನಾನು ವಿಡಿಯೊ ಹಿಡಿದೆ. ಪಕ್ಕದ ಮನೆಯವರನ್ನು ಸಾಕ್ಷಿಗೆ ಕರೆಯಲೇ ಎಂದರೆ ಸಿಟ್ಟಾದಳು.

‘ಅಂಗೈಯಾಗ ಲಿಂಗ ಐತಿ, ಇನ್ಯಾರ ಸಾಕ್ಷಿ ಬೇಕು ಬೇ?’

ನನಗೂ ಸರಿಯೆನ್ನಿಸಿತು. ಲಿಂಗ ಹಿಡಿದು ಆಡಿದ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸಿದ್ದಿಲ್ಲ. ಅದನ್ನೇ ಟೈಪ್ ಮಾಡಿ, ಆಧಾರ್ ಒಟಿಪಿಯಿಂದ ಸಹಿ ಮಾಡಿಸಿ, ಬೀಗಿಬಿಟ್ಟೆ.

ಹೋದ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿ ಸಿಂಧನೂರಿನ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ನಿನ ಹಿಂದಿನ ದಿನ ಮಾವನ ತಮ್ಮ ನೋಡಲು ಬಂದು, ‘ಮನಿ ಕಾಗದ ಎಲ್ಲಿ ಅದಾವ?’ ಎಂದು ನಯವಾಗಿ ಕೇಳಿದ. ನನ್ನ ಫೋನಿನ ಉಯಿಲು ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಹತ್ತಿತು. ಬೆಳಗಾಗುತ್ತಲೇ ಲಿಂಗಸುಗೂರಿಗೆ, ಪರಿಚಯದ ವಕೀಲರ ಬಳಿ ಓಡಿದೆ.

ಅವರು ಫೋನು ಮುಟ್ಟಲೂ ಇಲ್ಲ. ‘ಬ್ಯಾರೆ ಕಾಗದಕ್ಕ ಕಾನೂನು ಎಲೆಕ್ಟ್ರಾನಿಕ್ ಸಹಿ ಒಪ್ತೈತಮ್ಮ, ಉಯಿಲಿಗೆ ಒಪ್ಪಂಗಿಲ್ಲ. ಕಾಗದ ಬೇಕು, ಕೈಲೆ ಮಾಡಿದ ಸಹಿ ಬೇಕು, ಅದನ್ನ ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಬೇಕು.’

‘ಲಿಂಗ ಹಿಡಿದು ಹೇಳ್ಯಾಳ್ರೀ.’

‘ಖರೇ. ಆದ್ರ ಲಿಂಗ ಕೋರ್ಟಿಗೆ ಬಂದು ಸಾಕ್ಷಿ ಹೇಳಂಗಿಲ್ಲಲ್ಲ.’

ಆಪರೇಷನ್ ಮೂರು ಗಂಟೆಗೆ. ಅವರು ಬರೆಸಿಕೊಟ್ಟ ಹಾಳೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ಮಸ್ಕಿ ದಾಟಿದ ಮೇಲೆ ಭತ್ತದ ಟ್ರ್ಯಾಕ್ಟರುಗಳ ಸಾಲು, ಬಸ್ಸು ತೆವಳತೊಡಗಿತು. ಡ್ರೈವರನಿಗೆ ಎರಡು ಸಲ ಜೋರು ಮಾಡಿದೆ. ಅವನ ತಪ್ಪೇನಿರಲಿಲ್ಲ. ನನ್ನ ಮೇಲಿನ ಸಿಟ್ಟು ಅವನ ಮೇಲೆ ಹೋಗುತ್ತಿತ್ತು. ಆಪರೇಷನ್ನಿಗೆ ಒಳಗೆ ಹೋದ ಅತ್ತೆ ತಿರುಗಿ ಬರದಿದ್ದರೆ, ಆ ಹುಡುಗಿಗೆ ಯಾವ ಮುಖ ತೋರಿಸಲಿ?

ವಾರ್ಡು ಮುಟ್ಟಿದಾಗ ಎರಡೂವರೆ. ಒಬ್ಬ ಸಾಕ್ಷಿ ನಾನು. ಇನ್ನೊಬ್ಬರಿಗಾಗಿ, ಪಕ್ಕದ ಮಂಚದ ಹೆಂಗಸಿನ ಗಂಡನನ್ನು ಬೇಡಿಕೊಂಡೆ. ಸಿಂಧನೂರಿನ ಪಕ್ಕದ ಬಂಗಾಳಿ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಹಿರಿಯರು ಅವರು.

‘ಕೋರ್ಟಿಗೆ ಬರಬೇಕಾಗ್ತದೇನ್ರೀ?’

‘ಬರಬೇಕಾಗಬಹುದು,’ ಎಂದೆ. ಸುಳ್ಳು ಹೇಳುವ ಧೈರ್ಯ ಆಗಲಿಲ್ಲ. ಅವರು ಹೆಂಡತಿಯ ಮುಖ ನೋಡಿ, ಎದ್ದು ಬಂದರು.

ಓದಿ ಹೇಳದೆ ಸಹಿ ಹಾಕುವುದಿಲ್ಲವೆಂದಳು ಅತ್ತೆ. ನನ್ನ ಕೈಯಿಂದ ಹುಡುಗಿಯೇ ಹಾಳೆ ತೆಗೆದುಕೊಂಡಳು. ‘ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ದತ್ತಕವೂ ಆಗಿಲ್ಲ, ನಾನು ಸಾಕಿದವಳು’ ಎಂಬ ಸಾಲನ್ನೂ ತಡವರಿಸದೆ ಓದಿ ಮುಗಿಸಿದಳು.

‘ಇದನ್ನ ಹೊಡದುಹಾಕು. ಮಗಳು ಅಂತ ಬರಿ,’ ಎಂದಳು ಅತ್ತೆ.

‘ಹಂಗ ಬರದ್ರ ಉಯಿಲೇ ಸುಳ್ಳಂತಾರತ್ತಿ. ಮನಿ ಹೋಗತೈತಿ.’

‘ಈ ಮಾತು ಬರಸಿದಾಕಿ ನೀನಾ?’

‘ಹೌದು.’

ನರ್ಸ್ ಸ್ಟ್ರೆಚರ್ ತಂದು ನಿಲ್ಲಿಸಿದ್ದಳು. ಹುಡುಗಿ ಪೆನ್ನನ್ನು ಅತ್ತೆಯ ಬೆರಳ ನಡುವೆ ಇಟ್ಟು, ‘ಹಾಕವ್ವ,’ ಎಂದಳು. ಅತ್ತೆ ಸಹಿ ಹಾಕಿದಳು. ಹಿರಿಯರು ಹಾಕಿದರು, ನಾನು ಹಾಕಿದೆ.

ಅತ್ತೆ ಉಳಿದಳು. ಮಸ್ಕಿಗೆ ಹೋದಾಗಲೆಲ್ಲ ಮೊದಲಿನಂತೆ ಬಿಸಿ ರೊಟ್ಟಿ ಹಾಕುತ್ತಾಳೆ, ಆ ಕಾಗದದ ಸುದ್ದಿ ತೆಗೆಯುವುದಿಲ್ಲ. ಹುಡುಗಿಯನ್ನು ಇಪ್ಪತ್ತು ವರ್ಷ ಹೆಸರು ಹಿಡಿದೇ ಕರೆದವಳು, ಈಗ ನಾನು ಉಣ್ಣಲು ಕೂತರೆ ಸಾಕು, ಒಳಗೆ ಕೇಳುವಂತೆ ಕೂಗುತ್ತಾಳೆ: ‘ಮಗಳ, ನಿಮ್ಮಕ್ಕಗ ನೀರು ಕೊಡು.’