ಗೇಟಿಲ್ಲದ ನೀರು

ಸಿರುಗುಪ್ಪದ ಗದ್ದೆಯೊಂದರಲ್ಲಿ ನಿನ್ನೆ ಟ್ರ್ಯಾಕ್ಟರ್ ಹೂತು, ಚಕ್ರ ಸುಮ್ಮನೆ ತಿರುಗುತ್ತಿತ್ತು. ಆ ಸದ್ದಿಗೆ ಚಿಕ್ಕಂದಿನ ಕಡಲತೀರವೊಂದು ನೆನಪಾಯಿತು.

ಯಲ್ಲಾಪುರದ ಕಾಡು, ಘಟ್ಟ ದಾಟಿ ಅಂಕೋಲಾದಿಂದ ಕಾರವಾರದತ್ತ ಕಡಲಂಚಿನ ರಸ್ತೆಯಲ್ಲಿ ಮನೆಯವರೆಲ್ಲ ಹೊರಟಿದ್ದೆವು. ಕಾಡು ಮರಳಿನವರೆಗೂ ಬಂದಿದ್ದ ನಿರ್ಜನ ಜಾಗದಲ್ಲಿ ಅಪ್ಪ ಜೀಪನ್ನು ನೀರಿನ ಹತ್ತಿರಕ್ಕೇ ಇಳಿಸಿದ. ಬೇಸಿಗೆಯಲ್ಲಿ ತುಂಗಭದ್ರೆಯ ಮರಳಿನಲ್ಲಿ ನಾವು ಹಾಗೆಯೇ ನಿಲ್ಲಿಸುತ್ತಿದ್ದೆವು. ಮಂಡಿನೋವಿನ ಅಜ್ಜಿ ಒಳಗೇ ಮಲಗಿದಳು. ಉಳಿದವರು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು.

ಉಂಡು ಏಳುವಷ್ಟರಲ್ಲಿ ನೀರು ಚಕ್ರ ಮುಟ್ಟಿತ್ತು.

“ಮ್ಯಾಲ ಡ್ಯಾಮಿನ ಗೇಟ್ ಎತ್ಯಾರೇನಲೇ?” ಎಂದು ಅಪ್ಪ ಗಾಬರಿಯಾದ.

“ಇದು ಕಾಲುವಿ ಅಲ್ಲಣ್ಣ, ಸಮುದ್ರ! ಇದಕ್ಕ ಎಲ್ಲೀ ಗೇಟು?” ಎನ್ನುತ್ತ ಚಿಕ್ಕಪ್ಪ ಓಡಿದ.

ಅಪ್ಪ ಎಂಜಿನ್ ಚಾಲೂ ಮಾಡಿದ. ಚಕ್ರ ಇನ್ನಷ್ಟು ಹೂತಿತು. ಚಿಕ್ಕಪ್ಪ ಅಜ್ಜಿಯನ್ನು ಎತ್ತಿ ಹೊರತರಲು ಹೋದರೆ ಅವಳು ನೋವಿನಿಂದ ಚೀರಿದಳು. ಅಲೆ ಬಾಗಿಲಿಗೆ ಬಡಿಯಿತು.

“ನನ್ನ ಬಿಡ್ರಲೇ! ಗದ್ಯಾಗ ಗಾಲಿ ಕೆಳಗ ಹುಲ್ಲು ಹಾಕಂಗಿಲ್ಲೇನು? ಇದನ್ನ ಹಾಕ್ರಿ!” ಎಂದು ಹಳೆ ಸೀರೆಗಳನ್ನು ಸೇರಿಸಿ ತಾನೇ ಹೊಲಿದು, ಹಾಸಿಕೊಂಡಿದ್ದ ಕೌದಿಯನ್ನು ಹೊರಗೆಸೆದಳು. ಅದನ್ನು ಚಕ್ರದಡಿ ತುರುಕಿ, ಅವ್ವ ಮತ್ತು ಚಿಕ್ಕಪ್ಪ ಹಿಂದಿನಿಂದ ದೂಡಿದರು. ಅಜ್ಜಿಯ ಸಮೇತ ಜೀಪು ಮೇಲೆ ಹತ್ತಿತು. ಕೌದಿ ಕಡಲು ಸೇರಿತು.

ನಿನ್ನೆ ಸಂಜೆ ಅಪ್ಪನನ್ನು, ಮತ್ತೊಮ್ಮೆ ಆ ಕಡಲಿನ ಕಡೆ ಹೋಗೋಣವೇ ಎಂದು ಕೇಳಿದೆ.

“ಹೋಗೋಣ. ಗಾಡಿ ಮಾತ್ರ ಡಾಂಬರು ಬಿಟ್ಟು ಇಳಿಯಂಗಿಲ್ಲ” ಎಂದ.